ಆಯಾಸ ಅಂದರೆ ಯಾವ ಆಯಾಸ?

ಕನ್ನಡದಲ್ಲಿ ಆಯಾಸ ಅಂದರೆ ದಣಿವು. ತೆಲುಗಿನಲ್ಲಿ ಆಯಾಸಂ ಅಂದರೆ ಏದುಸಿರು, ದಮ್ಮು ಹತ್ತುವುದು. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಚಿಂತಾಮಣಿ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು ನಾನು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಗೊತ್ತಿದ್ದೂ ಈ ಒಂದು ಪದದಲ್ಲಿ ಎಡವಿ, ಒಬ್ಬ ಹೆಂಗಸಿಗೆ ಏಳು ತಿಂಗಳು ಸುಮ್ನೆ ಟಾನಿಕ್ ಕುಡಿಸಿದೆ. ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ನಿನ್ನೆ ನೈಟ್ ಡ್ಯೂಟಿ ಮುಗಿಸಿ ಬಂದರೆ ನಿದ್ದೆ ಹತ್ತಲಿಲ್ಲ. ಸರಿ, ಬರೆದುಬಿಡೋಣ ಅಂತ ಕೂತೆ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ 17 ವರ್ಷದಿಂದ ಸ್ಟಾಫ್ ನರ್ಸ್. ಈಗ ಕಾಗದದಲ್ಲಿ ನರ್ಸಿಂಗ್ ಆಫೀಸರ್ ಅಂತಾರೆ. ಚೀಟಿ ಹಿಡಿದು ನಿಂತವರಿಗೆ ಇವತ್ತಿಗೂ ಸಿಸ್ಟರಮ್ಮ. ನಮ್ಮ ಜಿಲ್ಲೆ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗೇ. ಬಸ್ಸಿನ ಬೋರ್ಡು ಕನ್ನಡ, ಸೀಟಿಗಾಗಿ ಜಗಳ ತೆಲುಗು. ಕೆಲಸಕ್ಕೆ ಬರುವ ಡಾಕ್ಟರುಗಳು ಮಾತ್ರ ಹಾವೇರಿ, ವಿಜಯಪುರ, ಶಿವಮೊಗ್ಗದವರು. ಹಾಗಾಗಿ ಓಪಿಡಿಯಲ್ಲಿ ಮೇಜಿನ ಪಕ್ಕ ನಿಂತು ಬಿಪಿ ನೋಡುವ ನಾನೇ ದುಭಾಷಿಯೂ ಆದೆ. ಇದಕ್ಕೊಂದು ಆರ್ಡರ್ ಇಲ್ಲ, ತರಬೇತಿ ಇಲ್ಲ. ಎರಡೂ ಭಾಷೆ ಬರುತ್ತಲ್ಲ, ಇನ್ನೇನು ಬೇಕು ಅಂತ ನಾನೂ ಅಂದುಕೊಂಡಿದ್ದೆ.

ಒಮ್ಮೆ ಒಬ್ಬ ಅಜ್ಜಿ "ನೀರಸಂಗಾ ಉಂದಿ" ಅಂದರು. ಮೈಯಲ್ಲಿ ಶಕ್ತಿ ಇಲ್ಲ ಅಂತ ಅದರ ಅರ್ಥ. ನಾನು ಬಾಯಿ ತೆಗೆಯುವ ಮೊದಲೇ ಹೊಸದಾಗಿ ಬಂದಿದ್ದ ಹಾವೇರಿ ಡಾಕ್ಟರು, "ಜೀವನ ನೀರಸ ಆಗೇತಂತ ಏನ್ರಿ? ಪಾಪ, ಮನ್ಯಾಗ ಯಾರೂ ಮಾತಾಡ್ಸಂಗಿಲ್ಲೇನು?" ಅಂದರು. ನಾನು ನಕ್ಕೆ. ಡಾಕ್ಟರು ನಕ್ಕರು. ಯಾಕೆ ಅಂತ ಗೊತ್ತಿಲ್ಲದೆ ಅಜ್ಜಿಯೂ ನಕ್ಕರು. ಇಂಥವನ್ನು ನಾವು ಟೀ ಕುಡಿಯುವಾಗ ಹೇಳಿಕೊಂಡು ನಗುತ್ತೇವೆ. ಆಯಾಸದ್ದು ಹಾಗೆ ಹೇಳಿಕೊಳ್ಳುವಂಥದ್ದಲ್ಲ.

ಆ ಹೆಂಗಸನ್ನು ಸಾವಿತ್ರಮ್ಮ ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ಈ ಹೆಸರು ಎಲ್ಲಿಂದ ಬಂತು ಅಂತ ಆಮೇಲೆ ಹೇಳುತ್ತೇನೆ. ಐವತ್ತರ ಆಸುಪಾಸು, ಶಿಡ್ಲಘಟ್ಟದ ಕಡೆಯವರು. ಮೊದಲ ಸಲ ಬಂದಿದ್ದು ಒಂದು ಸೋಮವಾರ. ನಮ್ಮಲ್ಲಿ ಸೋಮವಾರ ಅಂದರೆ ಜಾತ್ರೆ. ಭಾನುವಾರ ಪೂರ್ತಿ ಸಹಿಸಿಕೊಂಡ ನೋವೆಲ್ಲ ಅವತ್ತೇ ಬರುತ್ತದೆ. ಚೀಟಿ ನಂಬರ್ 90 ದಾಟಿತ್ತು. ಸಾವಿತ್ರಮ್ಮ ಸ್ಟೂಲಿನ ಮೇಲೆ ಕೂತವರೇ ಶುರು ಮಾಡಿದರು. ಕೆಮ್ಮು, ರಾತ್ರಿ ಜಾಸ್ತಿ. ನಾಲ್ಕು ಹೆಜ್ಜೆ ನಡೆದರೆ ಆಯಾಸಂ. ನಿದ್ದೆ ಇಲ್ಲ. ಮಗನ ಮದುವೆ ಆಯಿತು, ಸೊಸೆ ಬಂದಳು, ಆಗಿನಿಂದ ಶುರು. ಹೊಸಕೋಟೆಯಲ್ಲಿ ಮಗಳಿದ್ದಾಳೆ. "ಕೂತುರಿಂಟಿಕಿ ಪೋತೇ ಬಾಗುಂಟುಂದಿ. ಇಂಟಿಕಿ ವಸ್ತೇ ಮಳ್ಳೀ ದಗ್ಗು." ಮಗಳ ಮನೆಗೆ ಹೋದರೆ ಚೆನ್ನಾಗಿರುತ್ತೆ, ಮನೆಗೆ ಬಂದರೆ ಮತ್ತೆ ಕೆಮ್ಮು.

"ಏನಂತೆ ಸಿಸ್ಟರ್?" ಡಾಕ್ಟರು ಹಿಂದಿನ ಚೀಟಿಯನ್ನು ಇನ್ನೂ ಬರೆಯುತ್ತಲೇ ಕೇಳಿದರು.

ನಾನು ಹೇಳಿದ್ದು ಇಷ್ಟು: "ಮೂರು ತಿಂಗಳಿಂದ ಕೆಮ್ಮು ಸರ್. ಆಯಾಸ. ಉಳಿದಿದ್ದು ಮನೆ ಕಥೆ."

ಸೊಸೆ ಬಂದ ಮೇಲೆ ಕೆಮ್ಮು, ಮಗಳ ಮನೆಯಲ್ಲಿ ಕೆಮ್ಮಿಲ್ಲ. ನೀವಾದರೂ ಏನು ಅಂದುಕೊಳ್ಳುತ್ತಿದ್ದಿರಿ? ಅಂಥ ಅತ್ತೆಯರನ್ನು ನಾನು ದಿನಕ್ಕೆ ಹತ್ತು ಜನ ನೋಡುತ್ತೇನೆ. ನಮ್ಮ ಮನೆಯಲ್ಲೂ ಒಬ್ಬರಿದ್ದರು. ಡಾಕ್ಟರು ಒಳ್ಳೆಯವರೇ. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಮಾಡಿಸಿದರು. ಟಿಬಿ ಇರಲಿಲ್ಲ. ಎಕ್ಸ್‌ರೇ ತೆಗೆಸಿದರು, ಏನೂ ಕಾಣಲಿಲ್ಲ. ಆಯಾಸ ಅಂದಿದ್ದಕ್ಕೆ ರಕ್ತ ನೋಡಿ ಕಬ್ಬಿಣದ ಮಾತ್ರೆ, ಬಿ ಕಾಂಪ್ಲೆಕ್ಸ್, ಒಂದು ಕೆಮ್ಮಿನ ಸಿರಪ್ ಬರೆದರು. ಏಳು ತಿಂಗಳಲ್ಲಿ ನಾಲ್ಕು ಸಲ ಬಂದರು ಸಾವಿತ್ರಮ್ಮ. ನಾಲ್ಕೂ ಸಲ ಅದೇ ಚೀಟಿ. ಮೂರನೇ ಸಲ ನಾನೇ ಅವರನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಸರ್ದುಕೊಂಡು ಹೋಗಿ ಅಮ್ಮ, ಇವತ್ತಿನ ಹುಡುಗೀರು ಹಾಗೇ" ಅಂತ ಬುದ್ಧಿ ಬೇರೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆ ನೋಟ ಆಗ ಅರ್ಥವಾಗಿರಲಿಲ್ಲ.

ಐದನೇ ಸಲ ಬರುವ ಹೊತ್ತಿಗೆ ಆ ಡಾಕ್ಟರಿಗೆ ವರ್ಗ ಆಗಿತ್ತು. ಅವರ ಜಾಗಕ್ಕೆ ವಿಜಯಪುರದ ಹುಡುಗಿಯೊಬ್ಬಳು ಬಂದಿದ್ದಳು. ಎಂಬಿಬಿಎಸ್ ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಬಂದ ಮೊದಲ ವಾರವೇ ನನಗೆ ಹೇಳಿದ್ದಳು: "ಸಿಸ್ಟರ್, ನೀವು ಸಣ್ಣದು ಮಾಡಬ್ಯಾಡ್ರಿ. ಅವರು ಹೆಂಗ ಹೇಳ್ತಾರೋ ಹಂಗ ಹೇಳ್ರಿ."

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ನಿನ್ನೆ ಬಂದವಳು ನನಗೆ ಹೇಳ್ತಾಳಲ್ಲ ಅಂತ. ಸಾವಿತ್ರಮ್ಮ ಬಂದ ದಿನ ಬೇಕಂತಲೇ, ಒಂದಕ್ಷರ ಬಿಡದೆ, ಸೊಸೆ, ಮಗಳು, ಹೊಸಕೋಟೆ ಎಲ್ಲ ಸೇರಿಸಿ ಒಪ್ಪಿಸಿದೆ. ಅನುಭವಿಸು ಅಂತ.

ಆ ಹುಡುಗಿ ಪೆನ್ನು ಕೆಳಗಿಟ್ಟಳು. "ಮಗಳ ಮನ್ಯಾಗ ಇಲ್ಲದ್ದು ಇಲ್ಲೇನೈತಿ ಕೇಳ್ರಿ."

ಕೇಳಿದೆ. ಸಾವಿತ್ರಮ್ಮ ಕೈ ಮುಂದೆ ಚಾಚಿದರು. ಬೆರಳ ತುದಿಗಳು ಬೆಳ್ಳಗೆ, ಹೊತ್ತುಗಟ್ಟಲೆ ನೀರಿನಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿದ್ದವು. ನಾಲ್ಕು ಸಲ ಅದೇ ಕೈಯಿಗೆ ಬಿಪಿ ಪಟ್ಟಿ ಕಟ್ಟಿದ್ದೆ ನಾನು. ಅವರು ಅಂದರು, "ನೂಲು ತೆಗೀತೀವಲ್ಲ ತಲ್ಲಿ."

ಮಗನ ಮದುವೆ ಆದಮೇಲೆ ಸಾಲ ತೆಗೆದು ಮನೆ ಹಿಂದೆ ಶೀಟಿನ ಶೆಡ್ಡು ಹಾಕಿದ್ದರಂತೆ. ಅದುವರೆಗೆ ಸಾವಿತ್ರಮ್ಮ ಹೊಲದ ಕೂಲಿಗೆ ಹೋಗುತ್ತಿದ್ದವರು. ಈಗ ಬೆಳಗ್ಗೆ ಆರರಿಂದ ರೇಷ್ಮೆ ಗೂಡು ಬೇಯಿಸುವ ಬಾಣಲೆ ಮುಂದೆ. ಸೊಸೆ ಬಂದದ್ದೂ ಶೆಡ್ಡು ಬಂದದ್ದೂ ಒಂದೇ ತಿಂಗಳು. ಅವರು ಹೇಳಿದ ಕಥೆಯಲ್ಲಿ ಸೊಸೆ ಬರೀ ತಾರೀಖು. ಅದನ್ನು ಜಗಳ ಮಾಡಿಕೊಂಡವಳು ನಾನು.

ಆಮೇಲೊಂದು ಭಾನುವಾರ ಶಿಡ್ಲಘಟ್ಟದ ನೆಂಟರ ಮನೆಗೆ ಹೋದವಳು ಅವರ ಶೆಡ್ಡಿಗೂ ಹೋಗಿದ್ದೆ. ಶಿಡ್ಲಘಟ್ಟ ಅಂದರೆ ಗೂಡಿನ ಮಾರುಕಟ್ಟೆ, ನೂಲು ತೆಗೆಯುವ ರೀಲರುಗಳು. ಆ ಊರಿನ ಕೆಲವು ಬೀದಿಗೆ ಕಾಲಿಟ್ಟರೆ ಸಾಕು, ಬೆಂದ ಹುಳದ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿಯವರಿಗೆ ಅದು ವಾಸನೆಯೇ ಅಲ್ಲ. ಶೆಡ್ಡಿನೊಳಗೆ ಸೌದೆ ಒಲೆ, ಅದರ ಮೇಲೆ ಕುದಿಯುವ ನೀರು. ಸಾವಿತ್ರಮ್ಮ ಒಂದು ಬೊಗಸೆ ಗೂಡು ಸುರಿದರು. ಮೇಲೆ ತೇಲುವ ಗೂಡುಗಳನ್ನು ಸಟ್ಟುಗದಿಂದ ಒತ್ತಿ ಒತ್ತಿ ಮುಳುಗಿಸಿದರು. ಆಮೇಲೆ ಕುಂಚದಂಥದ್ದೊಂದನ್ನು ಅವುಗಳ ಮೇಲೆ ಆಡಿಸಿ ಎತ್ತಿದರೆ ಹತ್ತಾರು ಎಳೆಯ ತುದಿ ಅದಕ್ಕೆ ಅಂಟಿಕೊಂಡು ಬಂದವು. ಅದರಲ್ಲಿ ಎಂಟೊಂಬತ್ತನ್ನು ಬೆರಳಲ್ಲೇ ಆರಿಸಿ ಒಂದಾಗಿ ಮಾಡಿ ತಿರುಗುತ್ತಿದ್ದ ಚರಕಕ್ಕೆ ಕೊಟ್ಟರು. ನನ್ನ ಕಣ್ಣಿಗೆ ಎಳೆ ಕಾಣಿಸಲೇ ಇಲ್ಲ, ಬೆಳಕಿಗೆ ಒಮ್ಮೆ ಮಿಂಚಿತು ಅಷ್ಟೆ. ಹತ್ತು ನಿಮಿಷ ಆ ಹಬೆಯಲ್ಲಿ ನಿಂತದ್ದಕ್ಕೆ ನನಗೇ ಗಂಟಲು ಕೆರೆಯಿತು.

ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಗೂಡು ಮಾಡಿರುವುದು ಸೆರಿಸಿನ್ ಅನ್ನುವ ಪ್ರೋಟೀನು. ಬೇಯಿಸಿದಾಗ ಅದು ಕರಗುತ್ತದೆ. ಅದು, ಹುಳದ ಪುಡಿ, ಹಬೆ ಎಲ್ಲ ಸೇರಿ ಕೆಲವರ ಮೈಗೆ ಒಗ್ಗುವುದಿಲ್ಲ. ರೇಷ್ಮೆ ಬಿಚ್ಚುವವರಿಗೆ ಉಬ್ಬಸ ಬರುವುದು ವೈದ್ಯರಿಗೆ ಹೊಸ ವಿಷಯ ಅಲ್ಲ. ಕೆಲಸದಿಂದ ಬರುವ ಉಬ್ಬಸವನ್ನು ಹಿಡಿಯಲು ಎಲ್ಲ ಪುಸ್ತಕದಲ್ಲೂ ಇರುವ ಮೊದಲ ಪ್ರಶ್ನೆಯೂ ಅದೇ: ರಜೆಯಲ್ಲಿ, ಬೇರೆ ಊರಿಗೆ ಹೋದಾಗ ಕಡಿಮೆ ಆಗುತ್ತಾ? ಸಾವಿತ್ರಮ್ಮ ಆ ಪ್ರಶ್ನೆ ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಟ್ಟಿದ್ದರು. ಏಳು ತಿಂಗಳ ಹಿಂದೆ, ಸೋಮವಾರ, 90 ದಾಟಿದ ಚೀಟಿಯಲ್ಲಿ.

ಟೀ ಕುಡಿಯುವಾಗ ಆ ಹುಡುಗಿ ಒಂದು ಹೆಸರು ಹೇಳಿದಳು. ರಾಮಜ್ಜೀನಿ. ನನಗೆ ನಮ್ಮ ಕಡೆಯ ಯಾರೋ ಅಜ್ಜನ ಹೆಸರಿನ ಹಾಗೇ ಕೇಳಿಸಿತು. ಇಟಲಿಯ ವೈದ್ಯನಂತೆ. 1700ರಲ್ಲಿ ಕಸುಬಿನಿಂದ ಬರುವ ಕಾಯಿಲೆಗಳ ಬಗ್ಗೆ ಬರೆದವನು. ರೋಗಿಯ ಮನೆಗೆ ಹೋದ ವೈದ್ಯ ಹಿಂದಿನಿಂದ ಕೇಳಿಕೊಂಡು ಬಂದ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು, ನೀನು ಏನು ಕೆಲಸ ಮಾಡುತ್ತೀಯ ಅಂತ ಕೇಳಬೇಕು ಅಂದನಂತೆ. ಮುನ್ನೂರು ವರ್ಷದ ಮೇಲಾಯಿತು. ನಮ್ಮ ಓಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಲಿಂಗ, ಊರು ಇದೆ. ಕಸುಬಿಗೆ ಜಾಗ ಇಲ್ಲ. ಈಗ ನಾನು ಮೇಲುಗಡೆ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಗೂಡು. ಕ್ರಷರ್. ಟೊಮೆಟೊ ಮಂಡಿ. ಗಾರೆ.

ಊರು ಅನ್ನುವುದೂ ಬರೀ ವಿಳಾಸ ಅಲ್ಲ ನಮ್ಮಲ್ಲಿ. ಕೆರೆ ಒಣಗಿ ಸಾವಿರ ಅಡಿ ದಾಟಿದ ಬೋರಿನ ನೀರು ಕುಡಿದ ಹಳ್ಳಿಗಳಿವೆ. ಆ ನೀರಿನಲ್ಲಿ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ, ದಾಟಿದ ಊರುಗಳು ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ಪಾವಗಡದ ಕಡೆಯೂ ಇವೆ. ಹಲ್ಲಿನ ಕಂದು ಗೆರೆ ಬೀಳುವುದು ಹಲ್ಲು ಬೆಳೆಯುವ ವಯಸ್ಸಿನಲ್ಲಿ. ಹಾಗಾಗಿ ನಕ್ಕರೆ ಸಾಕು, ಬಾಲ್ಯ ಎಲ್ಲಿ ಕಳೆಯಿತು ಅಂತ ಗೊತ್ತಾಗುತ್ತದೆ. ಆದರೆ ಬೇರೆ ಊರಿನಿಂದ ಮದುವೆಯಾಗಿ ಬಂದು ಮೂವತ್ತು ವರ್ಷ ಅದೇ ನೀರು ಕುಡಿದವಳ ಹಲ್ಲು ಬೆಳ್ಳಗೇ ಇರುತ್ತದೆ, ಬೆನ್ನು, ಮಂಡಿ ಬಿಗಿದಿರುತ್ತದೆ. ತವರು ಯಾವುದಮ್ಮ ಅಂತ ಕೇಳದೆ ಇದು ತಿಳಿಯುವುದಿಲ್ಲ. ತವರಿನ ಮಾತು ತೆಗೆದರೆ ಅವರು ನಿಲ್ಲಿಸುವುದಿಲ್ಲ ಅನ್ನುವುದು ಬೇರೆ ಸಮಸ್ಯೆ.

ಸಾವಿತ್ರಮ್ಮನ ಕಡೆಗೆ ಬರುತ್ತೇನೆ. ಕಾಯಿಲೆಯ ಹೆಸರು ಸಿಕ್ಕಿದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಊದುವ ಒಂದು ಕೊಳವೆ ಕೊಟ್ಟೆವು. ಜೋರಾಗಿ ಊದಿದರೆ ಮುಳ್ಳು ಎಷ್ಟು ದೂರ ಹೋಗುತ್ತದೆ ನೋಡಿ ಬರೆದಿಡಬೇಕು. ಹತ್ತು ದಿನ ಮನೆಯಲ್ಲಿ, ಹತ್ತು ದಿನ ಮಗಳ ಮನೆಯಲ್ಲಿ. ಸಾವಿತ್ರಮ್ಮನಿಗೆ ಅಂಕಿ ಬರುವುದಿಲ್ಲ. ಮನೆಯಲ್ಲಿ ದಿನಾ ಬೆಳಗ್ಗೆ ಸಂಜೆ ನೋಡಿ ಬರೆದದ್ದು ಸೊಸೆ. ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ನೀಟಾಗಿ ಗೆರೆ ಎಳೆದು. ಮನೆಯಲ್ಲಿ 180, 190. ಹೊಸಕೋಟೆಯಲ್ಲಿ 280 ದಾಟಿತ್ತು. ಆ ಹಾಳೆ ನೋಡಿದಾಗ ನಾನು ಹೇಳಿದ್ದ "ಇವತ್ತಿನ ಹುಡುಗೀರು ಹಾಗೇ" ನೆನಪಾಗಿ ಕಿವಿ ಬಿಸಿಯಾಯಿತು.

ಮಾತ್ರೆ ಡಬ್ಬಿಯಂಥದ್ದರಲ್ಲಿ ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಒಳಗೆ ಎಳೆದುಕೊಳ್ಳುವ ಔಷಧಿ ಬರೆದರು. ಹೇಗೆ ಅಂತ ನಾನೇ ಹೇಳಿಕೊಟ್ಟೆ. ಎರಡು ವಾರ ಬಿಟ್ಟು ಬಂದರು, ಒಂದು ಚೂರೂ ಗುಣ ಇಲ್ಲ. ಮೂವತ್ತು ಕ್ಯಾಪ್ಸೂಲ್ ಡಬ್ಬಿ ಖಾಲಿ. ಎಳೆದುಕೊಳ್ಳುವ ಯಂತ್ರ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹೊಸದಾಗಿಯೇ ಇತ್ತು. ನೀರಿನ ಜೊತೆ ನುಂಗಿಬಿಟ್ಟಿದ್ದರು. "ರೋಜೂ ರೆಂಡುಸಾರ್ಲು ವೇಸ್ಕೋ" ಅಂದಿದ್ದೆನಲ್ಲ ನಾನು. ವೇಸ್ಕೋ ಅಂದರೆ ಹಾಕಿಕೋ. ಮಾತ್ರೆ ಹಾಕಿಕೋ ಅಂದರೆ ಯಾರಾದರೂ ನುಂಗುತ್ತಾರೆ. ಯಂತ್ರವನ್ನು ಯಾಕೆ ಮುಟ್ಟಲಿಲ್ಲ ಅಂತ ಕೇಳಿದರೆ, ಅದನ್ನು ಹಿಡಿದರೆ ಸಾಯುವವರೆಗೂ ಬಿಡಲಿಕ್ಕಾಗುವುದಿಲ್ಲ ಅಂತ ಪಕ್ಕದ ಮನೆಯವರು ಹೇಳಿದ್ದರಂತೆ. ಅವರ ಅಣ್ಣ ಕೊನೆಯ ದಿನಗಳಲ್ಲಿ ಅದನ್ನೇ ಹಿಡಿದುಕೊಂಡಿದ್ದನಂತೆ. ಅದನ್ನೂ ಕೂತು ಕೇಳಬೇಕಾಯಿತು. ಅಣ್ಣನ ಕಥೆ ಮುಗಿಯದೆ ಯಂತ್ರ ಕವರಿನಿಂದ ಹೊರಗೆ ಬರುವಂತಿರಲಿಲ್ಲ.

ಇನ್ನು ಕೆಲಸ. ಡಾಕ್ಟರು ಪುಸ್ತಕದಲ್ಲಿ ಇರುವುದನ್ನೇ ಹೇಳಿದಳು. ಆ ಹಬೆಯಿಂದ ದೂರ ಇರಬೇಕು, ಅದೇ ದೊಡ್ಡ ಔಷಧಿ. ನಾನು ತೆಲುಗಿಗೆ ತಂದೆ. ಸಾವಿತ್ರಮ್ಮ ನಕ್ಕರು. ಸಂಘದ ಕಂತು ವಾರ ವಾರ ಕಟ್ಟಬೇಕು. ಆಗ ಜೊತೆಗೆ ಬಂದಿದ್ದ ಸೊಸೆ, "ಬಾಣಲೆ ಮುಂದೆ ನಾನು ಕೂರ್ತೀನಿ ಅತ್ತೆ" ಅಂದಳು. ನನಗೂ ಡಾಕ್ಟರಿಗೂ ಸಮಾಧಾನ ಆಯಿತು, ಸಮಸ್ಯೆ ಮುಗಿಯಿತಲ್ಲ ಅಂತ. ಸಾವಿತ್ರಮ್ಮ ಮಾತ್ರ ತಲೆ ಅಲ್ಲಾಡಿಸಿದರು. "ಇವಳಿಗೂ ಬಂದರೆ? ಮೂರು ತಿಂಗಳ ಬಸುರಿ."

ನಮ್ಮ ರೋಗಿ ಯಾರು ಆಗ? ಚೀಟಿ ಇರುವುದು ಅತ್ತೆಯ ಹೆಸರಲ್ಲಿ. ನರ್ಸಿಂಗ್ ಓದುವಾಗ ನೀತಿಶಾಸ್ತ್ರದ ಪಾಠದಲ್ಲಿ ರೋಗಿಗೆ ಕೆಡುಕು ಮಾಡಬಾರದು ಅಂತ ಬಾಯಿಪಾಠ ಮಾಡಿದ್ದೆವು. ಒಂದೇ ಒಲೆ ಮುಂದೆ ಇಬ್ಬರು ಕೂರುವ ಮನೆಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಆದದ್ದು ಇಷ್ಟು: ಶೆಡ್ಡಿನ ಒಂದು ಕಡೆಯ ಶೀಟು ಕಿತ್ತು ಗಾಳಿ ಆಡುವ ಹಾಗೆ ಮಾಡಿದರು, ಹಬೆ ಹೊರಗೆ ಎಳೆಯಲು ಫ್ಯಾನು ಹಾಕಿಸಿದರು. ಬೇಯಿಸುವ ಕೆಲಸ ಮಗನಿಗೆ ಹೋಯಿತು. ಸಾವಿತ್ರಮ್ಮ ನೂಲನ್ನು ಮತ್ತೆ ಸುತ್ತುವ ಕಡೆಗೆ ಬಂದರು. ಪೂರ್ತಿ ಬಿಟ್ಟಿಲ್ಲ. ಮಗ ಊರಲ್ಲಿಲ್ಲದ ದಿನ ಬಾಣಲೆ ಮುಂದೆ ಕೂರುತ್ತಾರೆ ಅಂತ ನನಗೆ ಗೊತ್ತು. ಅವರಿಗೂ ಗೊತ್ತು ನನಗೆ ಗೊತ್ತು ಅಂತ.

ಈ ಹುಡುಗಿ ಡಾಕ್ಟರು ಇದನ್ನೆಲ್ಲ ಎಲ್ಲಿ ಕಲಿತಳು ಅಂತ ಕುತೂಹಲ ಇತ್ತು. 2019ರಿಂದ ಎಂಬಿಬಿಎಸ್‌ನಲ್ಲಿ ಎಟ್‌ಕಾಮ್ ಅಂತ ಒಂದು ಪಾಠ ಬಂದಿದೆ. ರೋಗಿಯ ಜೊತೆ ಮಾತು, ನಡತೆ, ನೀತಿ ಇದರಲ್ಲಿ. ಅವಳದ್ದು ಮೊದಲ ಬ್ಯಾಚು. ಅರ್ಧ ಜನ ಅಟೆಂಡೆನ್ಸಿಗೆ ಕೂರುತ್ತಿದ್ದರಂತೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೀಟಾ ಶರೋನ್ ಅನ್ನುವ ಡಾಕ್ಟರೊಬ್ಬರು ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿ, ರೋಗಿಯ ಕಥೆ ಕೇಳುವುದನ್ನೇ ಒಂದು ವಿದ್ಯೆಯ ಹಾಗೆ ವೈದ್ಯರಿಗೆ ಕಲಿಸುತ್ತಾರೆ ಅಂತಲೂ ಅವಳೇ ಹೇಳಿದ್ದು. ಒಳ್ಳೆಯದೇ. ನನ್ನ ಗೊಣಗಾಟ ಒಂದೇ. ನಮ್ಮಲ್ಲಿ ಕಥೆ ಡಾಕ್ಟರ ಕಿವಿಗೆ ಹೋಗುವ ಮೊದಲು ನನ್ನ ಬಾಯಿಯಿಂದ ಹಾದು ಹೋಗುತ್ತದೆ. ಸೆಕ್ಯೂರಿಟಿಯವನ ಬಾಯಿಂದ, ಜೊತೆಗೆ ಬಂದ ಮಗನ ಬಾಯಿಂದ, ಆಶಾ ಕಾರ್ಯಕರ್ತೆಯ ಬಾಯಿಂದ. ನಮಗೆ ಯಾರು ಕಲಿಸುತ್ತಾರೆ?

ಟೈಮಿಲ್ಲ ಅನ್ನುವುದು ಎಲ್ಲರ ಉತ್ತರ. ನನ್ನದೂ ಅದೇ ಆಗಿತ್ತು. ಸುಳ್ಳೂ ಅಲ್ಲ. 2017ರಲ್ಲಿ ಬೇರೆ ಬೇರೆ ದೇಶಗಳ ಲೆಕ್ಕ ಸೇರಿಸಿ ನೋಡಿದಾಗ ಒಬ್ಬ ರೋಗಿಗೆ ವೈದ್ಯರು ಕೊಡುವ ಹೊತ್ತು ಸ್ವೀಡನ್‌ನಲ್ಲಿ 22 ನಿಮಿಷದ ಮೇಲೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದ್ದು ಸುಮಾರು 2 ನಿಮಿಷ. ಆದರೆ ಇನ್ನೊಂದು ಲೆಕ್ಕ ಇದೆ. 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವೈದ್ಯರು ಸುಮ್ಮನೆ ಕೂತು, ರೋಗಿ ತಾನಾಗಿ ನಿಲ್ಲಿಸುವವರೆಗೆ ಗಡಿಯಾರ ನೋಡಿದರು. 335 ಜನ. ಸರಾಸರಿ 92 ಸೆಕೆಂಡಿಗೆ ಮಾತು ಮುಗಿಯಿತು. ನಮ್ಮ ಬಾಗೇಪಲ್ಲಿ ಅಜ್ಜಿಯರು ಸ್ವಿಟ್ಜರ್ಲೆಂಡಿನವರಲ್ಲ, ಒಪ್ಪುತ್ತೇನೆ. ಆದರೂ ಒಂದು ವಾರ ಗೋಡೆ ಗಡಿಯಾರ ನೋಡುತ್ತಾ ಸುಮ್ಮನೆ ನಿಂತೆ. ಬಹಳ ಜನ ಎರಡು ನಿಮಿಷದೊಳಗೆ ನಿಲ್ಲಿಸಿದರು. ಒಬ್ಬರಂತೂ ಅರ್ಧ ನಿಮಿಷಕ್ಕೇ ನಿಲ್ಲಿಸಿ, ಯಾಕೆ ಸಿಸ್ಟರಮ್ಮ ಹಾಗೆ ನೋಡ್ತೀರಾ ಅಂದರು.

ಆ 92 ಸೆಕೆಂಡಿನ ಮಾತು ಕೇಳಿದಾಗ ನನಗೆ ನೆನಪಾಗಿದ್ದು ಸಾವಿತ್ರಮ್ಮ ಅಲ್ಲ. ಅದಕ್ಕೂ ಹಿಂದಿನ ಒಬ್ಬ ತಾತ.

ಗುಡಿಬಂಡೆ ಕಡೆಯ ಶೇಂಗಾ ಬೆಳೆಯುವ ರೈತ. ಹೊಗೆಸೊಪ್ಪು ಹಾಕಿ ಹಾಕಿ ದವಡೆಯೊಳಗೆ ಹುಣ್ಣು. ನೋಡಿದ ಕೂಡಲೇ ಗೊತ್ತಾಗುವಂತಿತ್ತು. ಬಾಗಿಲ ಹೊರಗೇ ಮಗ ನನ್ನ ಕೈ ಹಿಡಿದುಕೊಂಡ. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಅಕ್ಕ. ಬರೀ ಗಡ್ಡೆ ಅನ್ನಿ." ಸರಿ ಅಂದೆ. ಯಾರು ಇಲ್ಲ ಅಂತಾರೆ? ಡಾಕ್ಟರು ಬೆಂಗಳೂರಿಗೆ ಬರೆದುಕೊಡುವಾಗ ತಾತ ಮಾತಾಡಲು ಶುರು ಮಾಡಿದರು. ಅವರ ಹತ್ತಿರ ಒಂದು ಎತ್ತಿತ್ತಂತೆ. ಕೊಂಬಿನ ಬುಡದಲ್ಲಿ ಗಡ್ಡೆ ಬಂತು. ತಲೆ ಒದರುತ್ತಿತ್ತು, ಕೊಂಬು ವಾಲಿತು. ಪಶು ಆಸ್ಪತ್ರೆಯಲ್ಲಿ ಕೊಂಬು ಕತ್ತರಿಸಿದರು. ಮತ್ತೆ ಬಂತು. ದಲ್ಲಾಳಿ ಮನೆ ಬಾಗಿಲಿಗೆ ಬಂದು ಹಣ ಎಣಿಸಿದ. ಇವರು ಕೊಡಲಿಲ್ಲ. ಹೊಂಗೆ ಮರದ ಕೆಳಗೆ ಕಟ್ಟಿ, ಬೂಸಾ ಕಲಸಿ ಕೈಯಾರೆ ತಿನ್ನಿಸಿದರು. ಅಲ್ಲೇ ಹೋಯಿತು, ಗದ್ದೆ ಬದುವಿನಲ್ಲೇ ಹೂತರು.

"ಏನಂತೆ?" ಅಂದರು ಡಾಕ್ಟರು.

"ಏನಿಲ್ಲ ಸರ್, ಯಾವುದೋ ಎತ್ತಿನ ವಿಷಯ."

ಒಂದೂವರೆ ನಿಮಿಷ ಇದ್ದಿರಬಹುದು ಆ ಕಥೆ. ಮೂರು ತಿಂಗಳ ಮೇಲೆ ಮಗ ಯಾವುದೋ ಕಾಗದಕ್ಕೆ ಸೀಲು ಹಾಕಿಸಲು ಬಂದಿದ್ದ. ಬೆಂಗಳೂರಿನ ವಾರ್ಡಿನಲ್ಲೇ ತೀರಿಹೋದರು ಅಂದ. ಕೊನೆ ಕೊನೆಗೆ ಊರಿಗೆ ಕರ್ಕೊಂಡು ಹೋಗು ಅಂತ ಒಂದೇ ಸಮ ಕೇಳುತ್ತಿದ್ದರಂತೆ. ಹೊಂಗೆ ಮರ ಅನ್ನುತ್ತಿದ್ದರಂತೆ, ಜ್ವರಕ್ಕೆ ಬಡಬಡಿಸುತ್ತಿದ್ದಾರೆ ಅಂದುಕೊಂಡೆವು ಅಂದ.

ಆ ತಾತನಿಗೆ ಗೊತ್ತಿತ್ತು. ಮಗ ಮುಚ್ಚಿಡುತ್ತಿದ್ದಾನೆ ಅಂತಲೂ ಗೊತ್ತಿತ್ತು. ಮಗನ ಮರ್ಯಾದೆ ಕೆಡಿಸದೆ, ಎತ್ತಿನ ನೆಪ ಮಾಡಿ ತನಗೆ ಏನು ಬೇಕು ಅಂತ ಡಾಕ್ಟರಿಗೇ ಹೇಳಿದ್ದರು. ಇದನ್ನು ನಾನು ಇದ್ದಂತೆ ದಾಟಿಸಿದ್ದರೆ ಏನಾದರೂ ಬದಲಾಗುತ್ತಿತ್ತಾ? ಇಲ್ಲದೆಯೂ ಇರಬಹುದು. ಡಾಕ್ಟರಿಗೆ ಎತ್ತಿನ ಕಥೆಯಲ್ಲಿ ಏನೂ ಕಾಣದೆ ಇರಬಹುದಿತ್ತು. ಮಗ ಆದರೂ ಬೆಂಗಳೂರಿಗೇ ಕರೆದುಕೊಂಡು ಹೋಗುತ್ತಿದ್ದ, ಯಾವ ಮಗ ಬಿಡುತ್ತಾನೆ? ಆದರೆ ಕೇಳಿಸಬೇಕಾಗಿತ್ತು. ಅದನ್ನು ಬೇಡ ಅಂತ ತೀರ್ಮಾನ ಮಾಡುವ ಹಕ್ಕು ನನಗೆ ಇರಲಿಲ್ಲ.

ಈಗ ಇದಕ್ಕೂ ಒಂದು ಕಾಗದ ಬಂದಿದೆ. ಬದುಕಿರುವಾಗಲೇ ಬರೆದಿಡುವ ಉಯಿಲು. ಇನ್ನು ಗುಣ ಆಗುವುದಿಲ್ಲ ಅನ್ನುವ ಸ್ಥಿತಿ ಬಂದರೆ ವೆಂಟಿಲೇಟರ್‌ನಂಥದ್ದು ಬೇಕೋ ಬೇಡವೋ ಅಂತ ಮೊದಲೇ ಹೇಳಿಡುವುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, 2023ರಲ್ಲಿ ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು ಅಂತ ಸುಲಭ ಮಾಡಿತು. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಒಳ್ಳೆಯ ಕೆಲಸ, ನಿಜವಾಗಿಯೂ. ಆದರೆ ಆ ತಾತ ಇದ್ದಿದ್ದರೆ ನೋಟರಿ ಹತ್ತಿರ ಹೋಗುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಅವರು ಮತ್ತೆ ಎತ್ತಿನ ಕಥೆಯನ್ನೇ ಹೇಳುತ್ತಿದ್ದರು.

ಇಷ್ಟೆಲ್ಲ ಬರೆದ ಮೇಲೆ ನನಗೇ ಒಂದು ಭಯ. ಬೇರೆಯವರ ಕಥೆಯನ್ನು ಹೀಗೆ ಹರವಿಕೊಂಡು ಕೂತಿದ್ದೇನಲ್ಲ, ಇದು ಸರಿಯಾ?

ಹಿಂದೆ ನಾನು ಬೇರೆ ಕಡೆ ಇದ್ದಾಗ ಒಬ್ಬರು ಒಬ್ಬ ಹೆಂಗಸಿನ ಕೈಯ ಹುಣ್ಣು ವಾಸಿ ಮಾಡಿದ್ದರು. ಮೊದಲು ಹೇಗಿತ್ತು, ಈಗ ಹೇಗಿದೆ ಅಂತ ಎರಡು ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಮುಖ ಇರಲಿಲ್ಲ, ಹೆಸರಿರಲಿಲ್ಲ. ಮೊಣಕೈ ಹತ್ತಿರ ಗಂಡನ ಹೆಸರಿನ ಹಚ್ಚೆ ಇತ್ತು. ಸಂಜೆಯೊಳಗೆ ಅವರ ಊರಿಗೆಲ್ಲ ಗೊತ್ತಾಯಿತು. ಗುಣಪಡಿಸಿದ್ದಕ್ಕೆ ಕೈ ಮುಗಿಯಬೇಕಾದವರು ಆ ಬಾಗಿಲಿಗೆ ಮತ್ತೆ ಬರಲಿಲ್ಲ. ರೋಗಿಯ ಗುರುತು ಸಿಗುವ ಹಾಗೆ ಫೋಟೋ ಆಗಲಿ ಕೇಸಿನ ವಿವರ ಆಗಲಿ ಅವರ ಒಪ್ಪಿಗೆ ಇಲ್ಲದೆ ವೈದ್ಯಕೀಯ ಪತ್ರಿಕೆಯಲ್ಲೂ ಹಾಕಬಾರದು ಅಂತ ವೈದ್ಯರ 2002ರ ನಿಯಮದಲ್ಲೇ ಇದೆ. ಅದನ್ನು ಬರೆದವರ ಕಣ್ಣ ಮುಂದೆ ಸ್ಟೇಟಸ್ ಇರಲಿಲ್ಲ ಅಷ್ಟೆ.

ತಾತನನ್ನು ಕೇಳಲು ಆಗುವುದಿಲ್ಲ. ಊರು, ಬೆಳೆ, ಮರ ಎಲ್ಲ ಬದಲಿಸಿದ್ದೇನೆ. ಎತ್ತನ್ನು ಮಾತ್ರ ಬದಲಿಸಲಿಲ್ಲ. ಸಾವಿತ್ರಮ್ಮನನ್ನು ಕೇಳಿದೆ. ಹೋದ ವಾರ ಔಷಧಿಗೆ ಬಂದಿದ್ದಾಗ, ಹೀಗೀಗೆ ಬರೆಯುತ್ತಿದ್ದೇನೆ, ಬರೆಯಲಾ, ಬೇಡ ಅಂದರೆ ಬಿಡುತ್ತೇನೆ ಅಂದೆ. ಹೆಸರು ಹಾಕಬೇಡ ಅಂದರು. ಏನು ಹಾಕಲಿ ಅಂದಿದ್ದಕ್ಕೆ ಸ್ವಲ್ಪ ನಾಚಿಕೊಂಡು, "ಸಾವಿತ್ರಿ ಅಂತ ಹಾಕು. ಸಿನಿಮಾ ಸಾವಿತ್ರಿ. ವಯಸ್ಸಲ್ಲಿ ಹಂಗೇ ಇದ್ದೆ" ಅಂದರು.

ಬರೆದಷ್ಟನ್ನು ಬೆಂಚಿನ ಮೇಲೆ ಕೂತು ತೆಲುಗಿನಲ್ಲಿ ಹೇಳಿದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿದರು. ಕ್ಯಾಪ್ಸೂಲ್ ನುಂಗಿದ ಕಡೆ, ಮಾನ ತೆಗೆದೆ ನನ್ನದು ಅಂತ ನಕ್ಕರು. ಮುಗಿದ ಮೇಲೆ ಸುಮ್ಮನಿದ್ದರು. ಆಮೇಲೆ ಕೇಳಿದರು, "ಕೆಮ್ಮು ಬರೆದಿದೀಯ, ಸಾಲ ಬರೆದಿದೀಯ. ನನ್ನ ಎಳೆ ಕಡಿಯಲ್ಲ ಅಂತ ಯಾಕೆ ಬರೆದಿಲ್ಲ?"

ಒಂದು ಗೂಡು ಮುಗಿಯುವ ಹೊತ್ತು ಕಣ್ಣಿಗೆ ಕಾಣುವುದಿಲ್ಲವಂತೆ. ಬೆರಳಿಗೆ ಗೊತ್ತಾಗಬೇಕು. ಗೊತ್ತಾದ ಆ ಕ್ಷಣಕ್ಕೆ ಇನ್ನೊಂದು ಗೂಡಿನ ತುದಿ ಎಸೆಯಬೇಕು, ಚರಕ ನಿಲ್ಲಬಾರದು, ಎಳೆ ಸಣ್ಣ ಆಗಬಾರದು. ಶುರು ಮಾಡಿದ ಆರು ತಿಂಗಳಿಗೇ ಅವರಿಗೆ ಅದು ಕೈ ಹತ್ತಿತಂತೆ, ಹುಟ್ಟಿದಾಗಿನಿಂದ ಮಾಡುವವರಿಗೂ ಹಾಗೆ ಬರುವುದಿಲ್ಲವಂತೆ. ನೂಲು ಕೊಳ್ಳುವವನು ಲಡಿ ಮುಟ್ಟಿ ನೋಡಿ, ಇದು ಅಮ್ಮನ ಕೈಯದ್ದು ಅಂತಾನಂತೆ. ಅದನ್ನು ಬರಿ ಅಂದರು. ಬರೆದಿದ್ದೇನೆ.

ಸೊಸೆಯ ಎಳೆಯ ಬಗ್ಗೆಯೂ ಒಂದು ಮಾತು ಹೇಳಿದರು. ಅದನ್ನು ಬರೀಬೇಡ ಅಂದರು.